ಬ್ರೇಕರ್ ಹೊರಗೆಳೆಯಲು ಆರ್ಕ್ ಸೂಟಾ, ರಿಮೋಟ್ ಮೋಟಾರಾ?

415 ವೋಲ್ಟ್ ಪ್ಯಾನೆಲ್‌ನಿಂದ ಬ್ರೇಕರ್ (ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ಹೊರಗೆಳೆಯುವಾಗ ಆರ್ಕ್, ಅಂದರೆ ಕರೆಂಟ್ ಗಾಳಿಯಲ್ಲಿ ಹಾರಿ ಸ್ಫೋಟದಂತೆ ಸಿಡಿಯುವ ಬೆಂಕಿ, ಬರಬಹುದು. ಅದಕ್ಕೆ ಮೈಗೆ ಹಾಕುವ ಆರ್ಕ್ ಸೂಟ್ ಕೊಳ್ಳೋದಾ, ದೂರದಿಂದ ಬ್ರೇಕರ್ ಎಳೆಯುವ ಮೋಟಾರಾ ಅಂತ ಕೇಳಿದ್ದೀರಿ. ಮೊದಲು ‘ಬಾಗಿಲು ಮುಚ್ಚಿದೆಯಲ್ಲ, ಏನಾಗುತ್ತೆ’ ಅನ್ನೋದನ್ನು ಬಿಡಿ. ಒಳಗೆ ಆರ್ಕ್ ಆದರೆ ತಡೆಯುತ್ತಾ ಅಂತ ಪರೀಕ್ಷೆ ಆಗದ ಪ್ಯಾನೆಲ್‌ನ ಬಾಗಿಲು ಒಳಗಿನ ಒತ್ತಡಕ್ಕೆ ಕಿತ್ತು ಬರಬಹುದು. ಪರೀಕ್ಷೆ ಆಗಿದ್ದರೂ ಎಲ್ಲ ಬೋಲ್ಟ್ ಬಿಗಿಯಾಗಿದ್ದರೆ ಮಾತ್ರ ಅದು ತಡೆಯುತ್ತೆ. ನಮ್ಮ ಕಡೆ ಎರಡು ಬೋಲ್ಟ್ ಯಾವಾಗಲೂ ಕಾಣೆ, ಅಲ್ವಾ?

ಖರ್ಚಿನಲ್ಲಿ ಸೂಟ್ ಕಡಿಮೆ, ಯಾವ ಕಂಪನಿಯ ಪ್ಯಾನೆಲ್‌ಗೂ ಆಗುತ್ತೆ. ಚರ್ಮ ಸುಟ್ಟು ಬೊಬ್ಬೆ ಬರಲು ಚದರ ಸೆಂಟಿಮೀಟರ್‌ಗೆ 1.2 ಕ್ಯಾಲೊರಿ ಸಾಕು, 40 ಕ್ಯಾಲೊರಿ ಸೂಟ್ ಅದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತೆ. ಆದರೆ ಅದು ತಡೆಯೋದು ಶಾಖವನ್ನು, ಸ್ಫೋಟದ ಹೊಡೆತವನ್ನಲ್ಲ. ಏಪ್ರಿಲ್ ಸೆಕೆಯಲ್ಲಿ ಸೂಟ್‌ನ ಹುಡ್‌ನ (ತಲೆಗವಸಿನ) ಮುಂದಿನ ಪರದೆ ಉಸಿರಿಗೆ ಮಂಜಾಗಿ, ಬ್ರೇಕರ್ ಎಳೆಯುವ ಹ್ಯಾಂಡಲ್ ಸಿಕ್ಕಿಸುವ ತೂತೇ ಕಾಣದೆ ತಡಕಾಡಬೇಕಾಗುತ್ತೆ.

ರಿಮೋಟ್ ಮೋಟಾರ್ ದುಬಾರಿ, ಬ್ರೇಕರ್ ಮಾಡೆಲ್‌ಗೆ ತಕ್ಕ ಅಡಾಪ್ಟರ್ ಬೇಕು. ಆದರೆ ನೀವು ಕೋಣೆಯಾಚೆ ನಿಂತು ಬಟನ್ ಒತ್ತಬಹುದು.

ಒಂದೇ ಮಾಡೆಲ್‌ನ ಬ್ರೇಕರ್‌ಗಳಿದ್ದು ಪದೇ ಪದೇ ತೆಗೆಯೋದಿದ್ದರೆ ಮೋಟಾರ್. ಐದಾರು ಕಂಪನಿಯ ಹಳೇ ಪ್ಯಾನೆಲ್‌ಗಳಿದ್ದರೆ, ಅಲ್ಲಿ ಆರ್ಕ್ ಆದರೆ ಎಷ್ಟು ಕ್ಯಾಲೊರಿ ಶಾಖ ಬರುತ್ತೆ ಅಂತ ಲೆಕ್ಕ ಹಾಕಿಸಿ ಅದಕ್ಕೆ ಸಾಕಾಗುವ ಸೂಟ್. ವರ್ಷಕ್ಕೊಮ್ಮೆ ಮಾತ್ರ ಆದರೆ ಭಾನುವಾರ ಆ ಪ್ಯಾನೆಲ್‌ಗೆ ಕರೆಂಟ್ ಕೊಡುವ ಫೀಡರ್ (ಲೈನ್) ಆಫ್ ಮಾಡಿ ತೆಗೆಯಿರಿ. ಹಾಗಿದ್ದರೂ ಕರೆಂಟ್ ಹೋಗಿದೆಯಾ ಅಂತ ಟೆಸ್ಟ್ ಮಾಡುವಾಗ ಸೂಟ್ ಬೇಕೇ ಬೇಕು, ಒಂದು ದಿನಕ್ಕೆ ಎರವಲು ತಂದಾದರೂ ಸರಿ.