ನಾಟಕವೋ, ವಾದ್ಯಗೋಷ್ಠಿಯೋ: ಸೆಂಟ್ರಲ್ ಪಾರ್ಕಿನ ಪುಕ್ಕಟೆ ಸಂಜೆಗಳು

ನ್ಯೂಯಾರ್ಕ್‌ಗೆ ಹೊಸಬರಾ? ಬೇಸಿಗೆಯಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಪುಕ್ಕಟೆಯಾಗಿ ನೋಡಲೇಬೇಕಾದ್ದು ಎರಡಿವೆ. ಡೆಲಕೋರ್ಟ್ ಬಯಲು ರಂಗಮಂದಿರದ ಶೇಕ್ಸ್‌ಪಿಯರ್ ನಾಟಕ, ಅದರ ಪಕ್ಕದ ಗ್ರೇಟ್ ಲಾನ್ ಎಂಬ ಹುಲ್ಲಿನ ಬಯಲಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಎಂಬ ವಾದ್ಯವೃಂದದ ವಾದ್ಯಗೋಷ್ಠಿ.

ನಾಟಕಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. 1962ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಸುಮಾರು 1,800 ಸೀಟು ಅಷ್ಟೇ. ಟಿಕೆಟ್‌ಗಾಗಿ ಜನ ಬೆಳಗ್ಗೆಯೇ ಬಂದು ಚಾಪೆ ಹಾಸಿಕೊಂಡು ಸಾಲಿನಲ್ಲಿ ಕೂರುತ್ತಾರೆ. ಲಾಟರಿಯಲ್ಲೂ ಸಿಗಬಹುದು, ಆದರೆ ಅದನ್ನೇ ನಂಬಿಕೊಂಡಿರಬೇಡಿ. ಒಳಗೆ ಕೂತ ಮೇಲೆ ಮಾತ್ರ ಕಾದದ್ದೆಲ್ಲ ಮರೆತುಹೋಗುತ್ತದೆ. ವೇದಿಕೆಯ ಹಿಂದೆ ಕೆರೆ, ಬಂಡೆಯ ಮೇಲೆ ಕಲ್ಲಿನ ಕೋಟೆ. ನಿಧಾನಕ್ಕೆ ಕತ್ತಲಾಗುತ್ತದೆ, ನಟರ ಮುಖದ ಮೇಲೆ ಬೆಳಕು ಗಟ್ಟಿಯಾಗುತ್ತಾ ಬರುತ್ತದೆ. ಗದ್ದೆ ಬಯಲಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದು ತೀರಾ ಹೊಸದಲ್ಲ, ಅಲ್ವಾ? ಭಾಷೆ ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್. ಕಥೆ ಮೊದಲೇ ಓದಿಕೊಂಡು ಹೋಗಿ.

ವಾದ್ಯಗೋಷ್ಠಿಗೆ ಟಿಕೆಟ್ಟೂ ಇಲ್ಲ. 1965ರಿಂದ ನಡೆದುಬಂದಿದೆ, ಸಾಮಾನ್ಯವಾಗಿ ಜೂನ್‌ನಲ್ಲಿ. ಆದರೆ ಸೆಂಟ್ರಲ್ ಪಾರ್ಕಿನಲ್ಲಿ ವರ್ಷಕ್ಕೆ ಒಂದೇ ಸಂಜೆ, ತಪ್ಪಿದರೆ ಬೇರೆ ಪಾರ್ಕಿಗೆ ಹೋಗಬೇಕು. ವೇದಿಕೆ ದೂರ, ಸುತ್ತ ಮಾತು ಜಾಸ್ತಿ.

ಊರಿಂದ ಅಪ್ಪ-ಅಮ್ಮ ಬಂದಿದ್ದರೆ ನಾನು ವಾದ್ಯಗೋಷ್ಠಿಯನ್ನೇ ಹೇಳುತ್ತೇನೆ. ಜಮಖಾನ ಹಾಸಿ, ಚಿತ್ರಾನ್ನದ ಡಬ್ಬಿ ಬಿಚ್ಚಿ. ಮಕ್ಕಳು ಹುಲ್ಲಿನ ಮೇಲೆ ಓಡಾಡಿಕೊಂಡಿರಲಿ. ಒಬ್ಬರೇ ಇದ್ದು ಒಂದಿಡೀ ದಿನ ಬಿಡುವಿದ್ದರೆ ನಾಟಕಕ್ಕೇ ಹೋಗಿ. ಸಾಲಿಗೆ ನೀರಿನ ಬಾಟಲಿ, ಟೋಪಿ ಮರೆಯಬೇಡಿ.