ವೈವಿಧ್ಯ ನೇಮಕಾತಿ ಸೇವೆ ದಾವಣಗೆರೆಯ ಕಚೇರಿಗೆ ಬಂದ ಮೇಲೆ

ಬೆಂಗಳೂರು ಮೂಲದ ನೇಮಕಾತಿ ಸಂಸ್ಥೆಯೊಂದು ‘ವೈವಿಧ್ಯ ನೇಮಕಾತಿ’ (ಮಹಿಳೆಯರು, ವಿಕಲಚೇತನರು ಮುಂತಾಗಿ ಕಚೇರಿಗಳಲ್ಲಿ ಕಡಿಮೆ ಕಾಣುವವರಿಗೂ ಕೆಲಸದ ಬಾಗಿಲು ತೆರೆಯುವುದು) ಎಂಬ ಹೆಸರಿನಲ್ಲಿ ಒದಗಿಸುವ ಸೇವೆಯನ್ನು ದಾವಣಗೆರೆಯ ನಮ್ಮ ಕಂಪನಿ ಒಂದೆರಡು ವರ್ಷಗಳಿಂದ ಬಳಸುತ್ತಿದೆ. ನಮ್ಮದು ಅಮೆರಿಕದ ಆಸ್ಪತ್ರೆಗಳ ವಿಮಾ ಬಿಲ್ಲುಗಳನ್ನು ಸಿದ್ಧಪಡಿಸುವ, ನೂರಕ್ಕೂ ಹೆಚ್ಚು ಮಂದಿ ದುಡಿಯುವ ಮಧ್ಯಮ ಗಾತ್ರದ ಕಚೇರಿ. ಅದರ ಸಿಬ್ಬಂದಿ ವಿಭಾಗದ ಹೊಣೆ ನನ್ನದು. ಗುತ್ತಿಗೆ ನವೀಕರಣಕ್ಕೆ ಮುನ್ನ ವಿದೇಶಿ ಗ್ರಾಹಕರು ಪ್ರಶ್ನಾವಳಿಯೊಂದನ್ನು ಕಳುಹಿಸಿ, ನಿಮ್ಮಲ್ಲಿ ಮಹಿಳೆಯರು ಎಷ್ಟು, ವಿಕಲಚೇತನರು ಎಷ್ಟು, ಮೇಲ್ವಿಚಾರಕ ಹುದ್ದೆಗಳಲ್ಲಿ ಯಾರಿದ್ದಾರೆ ಎಂದು ಕೇಳಿದ್ದೇ ಈ ಸೇವೆಯನ್ನು ಕೊಳ್ಳಲು ಕಾರಣ. ಕಾರಣ ಯಾವುದೇ ಇರಲಿ, ಈ ಕೆಲಸ ಎಂದೋ ಆಗಬೇಕಿತ್ತು ಎಂಬುದು ನನ್ನ ನಿಲುವು. ಬೆಂಗಳೂರಿನಾಚೆಯ ಊರುಗಳ ಕಂಪನಿಗಳು ಇಂಥ ಸೇವೆಗೆ ಹಣ ಕೊಡಬಹುದೇ, ಕೊಡುವುದಾದರೆ ಅದರ ಯಾವ ಭಾಗಕ್ಕೆ ಕೊಡಬೇಕು ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಭ್ಯರ್ಥಿಗಳನ್ನು ಹುಡುಕಿಕೊಡುವುದು, ಆಯ್ಕೆಯ ಕ್ರಮವನ್ನು ತಿದ್ದುವುದು, ಕಟ್ಟಡವನ್ನು ಪರಿಶೀಲಿಸುವುದು ಮತ್ತು ಸಿಬ್ಬಂದಿಗೆ ಒಂದು ದಿನದ ತರಬೇತಿ ನೀಡುವುದು ಈ ಸೇವೆಯೊಳಗೆ ಬರುತ್ತವೆ. ಅಭ್ಯರ್ಥಿ ಕೆಲಸಕ್ಕೆ ಸೇರಿದೊಡನೆ ಅವರ ವಾರ್ಷಿಕ ವೇತನದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಶುಲ್ಕ ಸಲ್ಲಬೇಕು. 90 ದಿನಗಳೊಳಗೆ ಅವರು ಕೆಲಸ ಬಿಟ್ಟರೆ ಬೇರೊಬ್ಬರನ್ನು ಉಚಿತವಾಗಿ ಕೊಡುತ್ತಾರೆ. ನೇಮಕಾತಿ ಕ್ಷೇತ್ರದಲ್ಲಿ ಇದು ರೂಢಿಯಲ್ಲಿರುವ ದರವೇ ಆದ್ದರಿಂದ ಬೆಲೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ 90 ದಿನಗಳ ಷರತ್ತಿನ ಬಗ್ಗೆ. ಅದಕ್ಕೆ ಮುಂದೆ ಬರುತ್ತೇನೆ.

ಸೇವೆಯಲ್ಲಿ ಅತ್ಯುತ್ತಮವಾದದ್ದು ಆಯ್ಕೆಯ ಕ್ರಮವನ್ನು ತಿದ್ದಿದ ಭಾಗ. ಅದಕ್ಕೂ ಮೊದಲು ನಮ್ಮಲ್ಲಿ ಬಹುಪಾಲು ನೇಮಕಾತಿ ನಡೆಯುತ್ತಿದ್ದದ್ದು ರೆಫರಲ್ ಮೂಲಕ. ಈಗಾಗಲೇ ಒಳಗಿರುವವರು ತಮ್ಮ ಓಣಿಯವರನ್ನು, ತಮ್ಮ ಕಾಲೇಜಿನವರನ್ನು, ನೆಂಟರ ಮಕ್ಕಳನ್ನು ಕರೆತರುತ್ತಿದ್ದರು; ಕರೆತಂದವರಿಗೆ ಬೋನಸ್ ಸಿಗುತ್ತಿತ್ತು. ‘ನಮ್ಮ ಕಡೆ ಹುಡುಗ, ಜವಾಬ್ದಾರಿ ನನ್ನದು’ ಎಂಬ ಒಂದು ಮಾತು ಅಂಕಪಟ್ಟಿಗಿಂತ ಹೆಚ್ಚು ತೂಗುತ್ತಿತ್ತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ, ಆದರೆ ಕೆಲವು ವರ್ಷಗಳಲ್ಲಿ ಕಚೇರಿಯ ತುಂಬ ಒಂದೆರಡು ಸಮುದಾಯಗಳ, ನಗರದ ಕೆಲವೇ ಬಡಾವಣೆಗಳ ಯುವಕರು ತುಂಬಿಕೊಂಡರು. ಚನ್ನಗಿರಿ ಅಥವಾ ಜಗಳೂರಿನ ಹಳ್ಳಿಯಿಂದ ಬಂದು, ದಾವಣಗೆರೆಯಲ್ಲಿ ಓದಿ, ನಗರದಲ್ಲಿ ಯಾರ ಪರಿಚಯವೂ ಇಲ್ಲದ ಪದವೀಧರೆಗೆ ಇಲ್ಲಿ ಕೆಲಸ ಖಾಲಿಯಿದೆ ಎಂಬ ಸುದ್ದಿಯೇ ತಲುಪುತ್ತಿರಲಿಲ್ಲ.

ಸೇವಾ ಸಂಸ್ಥೆಯವರು ಮೊದಲ ಸುತ್ತಿನ ಅರ್ಜಿಗಳಿಂದ ಹೆಸರು, ಭಾವಚಿತ್ರ, ತಂದೆಯ ಹೆಸರು, ಊರು ಮತ್ತು ಓದುವಾಗ ಉಳಿದುಕೊಂಡಿದ್ದ ಹಾಸ್ಟೆಲ್ಲಿನ ವಿವರಗಳನ್ನು ತೆಗೆದುಹಾಕಿದರು. ಹಾಸ್ಟೆಲ್ಲನ್ನು ಏಕೆ ತೆಗೆಯಬೇಕು ಎಂದು ಹೊರಗಿನವರು ಕೇಳಬಹುದು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಮಠಗಳೂ ಸಮುದಾಯಗಳೂ ನಡೆಸುವ ವಿದ್ಯಾರ್ಥಿನಿಲಯಗಳು ತಲೆಮಾರುಗಳ ಬಡ ಮಕ್ಕಳನ್ನು ಓದಿಸಿವೆ, ಆ ಉಪಕಾರ ದೊಡ್ಡದು. ಆದರೆ ಅದೇ ಹಾಸ್ಟೆಲ್ಲಿನ ಹೆಸರು ಅರ್ಜಿಯಲ್ಲಿದ್ದರೆ ಓದುವವರಿಗೆ ಅಭ್ಯರ್ಥಿಯ ಜಾತಿ ತಾನಾಗಿಯೇ ತಿಳಿದುಬಿಡುತ್ತದೆ. ಈ ಸೂಕ್ಷ್ಮವನ್ನು ಗುರುತಿಸಿದವರು ಸಂಸ್ಥೆಯ ಸ್ಥಳೀಯ ಪ್ರತಿನಿಧಿ, ಹರಿಹರದವರು. ಬೆಂಗಳೂರಿನಲ್ಲಿ ಸಿದ್ಧವಾದ ನಮೂನೆಯಲ್ಲಿ ಇದು ಇರಲಿಲ್ಲ.

ಹೆಸರಿಗೆ ಇಷ್ಟು ಮಹತ್ವ ಕೊಡುವುದು ಅತಿರೇಕ ಎನ್ನುವವರಿಗೆ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸುತ್ತೇನೆ. ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ, ಹೆಸರಷ್ಟೇ ಬೇರೆಯಾದ ಅರ್ಜಿಗಳನ್ನು ಅವರು ಕಳುಹಿಸಿದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನವರಿಗೆ ಮುಂದಿನ ಹಂತಕ್ಕೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟಿತ್ತು. ಮುಸ್ಲಿಂ ಹೆಸರಿನವರಿಗೆ ಅದು ಸುಮಾರು ಮೂರನೇ ಒಂದರಷ್ಟಕ್ಕೆ ಇಳಿದಿತ್ತು. ದೊಡ್ಡ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ ಕಂಪನಿಗಳಲ್ಲೇ ಹೀಗಾದರೆ, ಜಾಹೀರಾತನ್ನೇ ಕೊಡದೆ ಪರಿಚಯದ ಮೇಲೆ ನಡೆಯುವ ನೇಮಕಾತಿಯಲ್ಲಿ ಏನಾಗುತ್ತಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಎರಡನೇ ಸುತ್ತಿನಲ್ಲಿ ಎಲ್ಲರಿಗೂ ಒಂದೇ ಕೆಲಸ ಕೊಡಲಾಯಿತು: ಮಾದರಿ ಬಿಲ್ಲೊಂದನ್ನು ಓದಿ ಅದರಲ್ಲಿರುವ ತಪ್ಪುಗಳನ್ನು ಗುರುತಿಸುವುದು. ಸಂದರ್ಶನದಲ್ಲಿಯೂ ಎಲ್ಲರಿಗೂ ಒಂದೇ ಪ್ರಶ್ನೆಗಳು, ಪ್ರತಿ ಉತ್ತರಕ್ಕೂ ಅಲ್ಲಿಯೇ ಅಂಕ. ‘ಮದುವೆ ಯಾವಾಗ’, ‘ಮನೆಯವರು ಒಪ್ಪಿದ್ದಾರಾ’ ಎಂಬ ಪ್ರಶ್ನೆಗಳು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಅವನ್ನು ಕೇಳುವಂತಿರಲಿಲ್ಲ. ಹೀಗೆ ಬಂದವರನ್ನು ‘ಕೋಟಾದವರು’ ಎಂದು ಕರೆಯುವ ಗೊಣಗಾಟ ಹಳಬರಲ್ಲಿ ಶುರುವಾದಾಗ ನಮ್ಮ ಕೈಯಲ್ಲಿ ಉತ್ತರವಿತ್ತು. ಯಾರಿಗೂ ಅಂಕ ಕಡಿಮೆ ಮಾಡಿ ಒಳಗೆ ಬಿಟ್ಟಿರಲಿಲ್ಲ. ಎಲ್ಲರೂ ಒಂದೇ ಬಿಲ್ಲನ್ನು ತಿದ್ದಿ ಬಂದವರು. ವೈವಿಧ್ಯದ ಹೆಸರಿನ ನೇಮಕಾತಿಯಲ್ಲಿ ಹೊಸಬರ ಗೌರವವನ್ನು ಕಾಪಾಡುವುದು ಇಂಥ ದಾಖಲೆಯೇ ಹೊರತು ಭಾಷಣವಲ್ಲ. ರೆಫರಲ್ ಬೋನಸ್ ನಿಂತದ್ದರಿಂದ ಕೆಲವರಿಗೆ ಆದ ಬೇಸರ ಮಾತ್ರ ಇನ್ನೂ ಹೋಗಿಲ್ಲ.

ಮಹಿಳೆಯರ ಸಂಖ್ಯೆ ಬೇಗ ಹೆಚ್ಚಿತು. ಇದರಲ್ಲಿ ಸೇವೆಯ ಪಾಲಿನಷ್ಟೇ ಪಾಲು 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಗೂ ಸಲ್ಲಬೇಕು. ಬಸ್ ದರದ ಲೆಕ್ಕ ಹಾಕಿ ಕೆಲಸವನ್ನೇ ಕೈಬಿಡುತ್ತಿದ್ದ ಹೊನ್ನಾಳಿ, ಹರಿಹರ ಕಡೆಯ ಹೆಣ್ಣುಮಕ್ಕಳು ಈಗ ದಿನವೂ ಓಡಾಡುತ್ತಾರೆ. ಆದರೆ ನಮ್ಮ ಕೆಲಸದ ಒಂದು ಭಾಗ ಅಮೆರಿಕದ ಹಗಲಿಗೆ ಹೊಂದಿಕೊಂಡ ರಾತ್ರಿ ಪಾಳಿ. ರಾತ್ರಿ ಪಾಳಿಯಲ್ಲಿ ದುಡಿಯುವ ಮಹಿಳೆಯರಿಗೆ ಸಂಸ್ಥೆಯೇ ವಾಹನ ಮತ್ತು ಭದ್ರತೆ ಒದಗಿಸಬೇಕೆಂಬ ನಿಯಮವಿದ್ದು, ನಮ್ಮ ಕ್ಯಾಬ್ ನಗರದ ಎಲ್ಲೆಯೊಳಗೆ ಮಾತ್ರ ಓಡುತ್ತಿತ್ತು. ಹಳ್ಳಿಯಿಂದ ಬರುವವರು ಹೀಗಾಗಿ ಹಗಲು ಪಾಳಿಗೆ ಸೀಮಿತರಾದರು. ರಾತ್ರಿ ಪಾಳಿಯಲ್ಲಿ ಗ್ರಾಹಕರೊಂದಿಗೆ ನೇರವಾಗಿ ಮಾತನಾಡಿದವರೇ ಟೀಮ್ ಲೀಡರ್ ಆಗುವ ಪದ್ಧತಿ ನಮ್ಮಲ್ಲಿದ್ದುದರಿಂದ ಅವರ ಬಡ್ತಿಯ ದಾರಿಯೂ ಅಲ್ಲಿಗೇ ನಿಂತಿತು. ಬಾಗಿಲು ಎಲ್ಲರಿಗೂ ತೆರೆದಿತ್ತು, ಮಹಡಿಯ ಮೆಟ್ಟಿಲು ಮಾತ್ರ ಮೊದಲಿನವರಿಗೇ ಮೀಸಲಾಗಿತ್ತು. ಸೇವಾ ಸಂಸ್ಥೆಯ ಮಾಸಿಕ ವರದಿಯಲ್ಲಿ ‘ಮಹಿಳೆಯರ ಪ್ರಮಾಣ’ ಎಂಬ ಅಂಕಣವಿತ್ತೇ ವಿನಾ, ಅವರಲ್ಲಿ ಎಷ್ಟು ಮಂದಿ ಯಾವ ಪಾಳಿಯಲ್ಲಿದ್ದಾರೆ, ಯಾರಿಗೆ ಬಡ್ತಿ ಸಿಕ್ಕಿದೆ ಎಂಬ ಅಂಕಣ ಇರಲಿಲ್ಲ. ಹಗಲು ಪಾಳಿಯ ಕೆಲಸವನ್ನೂ ಬಡ್ತಿಗೆ ಪರಿಗಣಿಸುವಂತೆ ನಿಯಮ ಬದಲಿಸಿದ್ದು ನಮ್ಮದೇ ಆಡಳಿತ, ಅದೂ ಸಾಕಷ್ಟು ಚರ್ಚೆಯ ನಂತರ.

ಮಹಿಳೆಯರು ಹೆಚ್ಚಿದ್ದರಿಂದ ಆದ ಇನ್ನೊಂದು ಬದಲಾವಣೆಯನ್ನು ಹೇಳಲೇಬೇಕು. ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಪ್ರತಿ ಸಂಸ್ಥೆಯಲ್ಲೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷತೆ ಮಹಿಳೆಯದಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ನಮ್ಮಲ್ಲಿ ಸಮಿತಿ ಫಲಕದ ಮೇಲೆ ಮಾತ್ರ ಇತ್ತು. ಈಗ ಅದು ನಿಯಮಿತವಾಗಿ ಸೇರುತ್ತದೆ, ಮತ್ತು ಊಟದ ಹೊತ್ತಿನ ಕೀಳು ತಮಾಷೆಗಳು ನಿಂತಿವೆ. ಇದನ್ನು ಯಾವ ತರಬೇತಿಯೂ ಮಾಡಲಿಲ್ಲ. ಕೇಳಿಸಿಕೊಳ್ಳುವವರು ಮೇಜಿನ ಸುತ್ತ ಕುಳಿತಿದ್ದರಿಂದ ಆಯಿತು.

ಶ್ರವಣದೋಷವಿರುವ ಕೆಲವರು ಸೇರಿದ್ದು ನಮ್ಮ ಕಚೇರಿಯ ರೀತಿನೀತಿಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿತು. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರವೇ ಇರುವಾಗ, ಇಷ್ಟು ಕಾಲ ನಮ್ಮ ಕಂಪನಿಗೆ ಅಂಥ ಒಬ್ಬ ಅಭ್ಯರ್ಥಿಯೂ ಸಿಗದೇ ಹೋದದ್ದು ಹುಡುಕದೇ ಇದ್ದುದರಿಂದಲೇ. ಮೊದಲು ನಮ್ಮಲ್ಲಿ ಸೂಚನೆಗಳೆಲ್ಲ ಬಾಯಿಮಾತಿನಲ್ಲಿ ಸಾಗುತ್ತಿದ್ದವು. ವಿಮಾ ಕಂಪನಿಯೊಂದು ನಿಯಮ ಬದಲಿಸಿದರೆ ಟೀಮ್ ಲೀಡರ್ ನಿಂತಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಕೇಳಿಸಿಕೊಂಡವರು ಕೇಳಿಸಿಕೊಂಡರು, ಚಹಾಕ್ಕೆ ಹೋದವರಿಗೆ ತಪ್ಪಿತು. ಕಿವಿ ಕೇಳದ ಸಹೋದ್ಯೋಗಿಗಳಿಗಾಗಿ ಪ್ರತಿ ಬದಲಾವಣೆಯನ್ನೂ ಬರೆದು ಹಾಕುವ ಪದ್ಧತಿ ಬಂದ ಮೇಲೆ ಎಲ್ಲರಿಗೂ ಅನುಕೂಲವಾಯಿತು, ‘ನನಗೆ ಯಾರೂ ಹೇಳಲಿಲ್ಲ’ ಎಂಬ ಜಗಳ ಕಡಿಮೆಯಾಯಿತು. ಕೆಲವು ಯುವಕರು ಸನ್ನೆ ಭಾಷೆಯ ಸಾಮಾನ್ಯ ಪದಗಳನ್ನು ತಾವಾಗಿಯೇ ಕಲಿತರು. ಮೊದಲ ವಾರಗಳಲ್ಲಿ ಸನ್ನೆ ಭಾಷಾ ದುಭಾಷಿಯನ್ನು ಒದಗಿಸಿ, ಆಮೇಲೂ ಬಂದು ವಿಚಾರಿಸಿಕೊಂಡ ಸೇವಾ ಸಂಸ್ಥೆಗೆ ಇಲ್ಲಿ ಪೂರ್ಣ ಅಂಕ ಕೊಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಇಪ್ಪತ್ತು ಅಥವಾ ಹೆಚ್ಚು ಉದ್ಯೋಗಿಗಳಿದ್ದಲ್ಲಿ ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. ಅದರ ಕಾಗದಪತ್ರಗಳನ್ನೂ ಅವರೇ ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ಕಟ್ಟಡ ಪರಿಶೀಲನೆಯ ವರದಿ ಮಾತ್ರ ಕೊಟ್ಟ ಹಣಕ್ಕೆ ತಕ್ಕುದಲ್ಲ. ಅದರಲ್ಲಿ ‘ಲಿಫ್ಟ್ ಇದೆ’ ಎಂದು ಗುರುತು ಹಾಕಲಾಗಿದೆ. ಲಿಫ್ಟಿನ ಬಾಗಿಲಿಗೆ ತಲುಪಲು ಮೆಟ್ಟಿಲು ಹತ್ತಬೇಕೆಂಬುದು ವರದಿಯಲ್ಲಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ನಮ್ಮ ಕಚೇರಿ ಇಂದಿಗೂ ಮುಚ್ಚಿದ ಬಾಗಿಲೇ.

ಒಂದು ದಿನದ ತರಬೇತಿ ಇಡೀ ಸೇವೆಯ ಅತ್ಯಂತ ದುರ್ಬಲ ಭಾಗ. ಹಾಜರಾತಿ ಕಡ್ಡಾಯ, ಸ್ಲೈಡುಗಳು ಇಂಗ್ಲಿಷಿನಲ್ಲಿ, ಉದಾಹರಣೆಗಳು ಅಮೆರಿಕದ ವರ್ಣಭೇದಕ್ಕೆ ಸಂಬಂಧಿಸಿದವು, ಕೊನೆಗೊಂದು ಪ್ರಮಾಣಪತ್ರ. ಜಾತಿ ಎಂಬ ಪದ ದಿನವಿಡೀ ಒಮ್ಮೆಯೂ ಬರಲಿಲ್ಲ. ಟೀಮ್ ಲೀಡರುಗಳು ತಮ್ಮನ್ನು ಅಪರಾಧಿಗಳಂತೆ ಕೂರಿಸಲಾಗಿದೆ ಎಂಬ ಭಾವನೆಯಲ್ಲಿ ಎದ್ದುಹೋದರು. ಅಮೆರಿಕದ 800ಕ್ಕೂ ಹೆಚ್ಚು ಕಂಪನಿಗಳ ಮೂರು ದಶಕಗಳ ಮಾಹಿತಿಯನ್ನು ಪರಿಶೀಲಿಸಿದ ಸಮಾಜಶಾಸ್ತ್ರಜ್ಞರಾದ ಫ್ರ್ಯಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೆವ್, ಕಡ್ಡಾಯ ತರಬೇತಿ ನೀಡಿದ ಕಂಪನಿಗಳಲ್ಲಿ ಐದು ವರ್ಷಗಳ ನಂತರವೂ ವ್ಯವಸ್ಥಾಪಕ ಹುದ್ದೆಗಳಲ್ಲಿ ಮಹಿಳೆಯರ ಪ್ರಮಾಣ ಏರಲಿಲ್ಲವೆಂದು 2016ರಲ್ಲಿ ಬರೆದಿದ್ದರು. ಹಿರಿಯರೊಬ್ಬರು ಕಿರಿಯರ ಬೆಳವಣಿಗೆಯ ಹೊಣೆ ಹೊರುವ ಕ್ರಮ ಹೆಚ್ಚು ಫಲ ಕೊಟ್ಟಿತೆಂಬುದೂ ಅವರ ಬರಹದಲ್ಲಿದೆ. ಆ ಕ್ರಮವನ್ನು ನಮ್ಮಲ್ಲಿ ಆರಂಭಿಸಿದ ಮೇಲೆ, ತರಬೇತಿಯ ದಿನ ಮುಖ ಗಂಟಿಕ್ಕಿಕೊಂಡಿದ್ದ ಟೀಮ್ ಲೀಡರುಗಳಲ್ಲೇ ಕೆಲವರು ತಮ್ಮ ಪಾಲಿಗೆ ಬಂದ ಹೊಸಬರ ಪರವಾಗಿ ವಾದಿಸುವುದನ್ನು ಕಂಡಿದ್ದೇನೆ.

ಸೇವೆಯ ಪಟ್ಟಿಯಲ್ಲೇ ಇಲ್ಲದ ಒಂದು ಗೋಡೆಯನ್ನು ಇಲ್ಲಿ ಹೆಸರಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಬಿಲ್ಲಿನ ಇಂಗ್ಲಿಷನ್ನು ಚೆನ್ನಾಗಿ ಓದಬಲ್ಲರು, ಆದರೆ ಸಭೆಯಲ್ಲಿ ಇಂಗ್ಲಿಷಿನಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತಾರೆ. ದಾವಣಗೆರೆಯವರೇ ಕುಳಿತಿರುವ ಕೋಣೆಯಲ್ಲಿ, ಗ್ರಾಹಕರು ಕರೆಯಲ್ಲಿ ಇಲ್ಲದಿರುವಾಗಲೂ ಇಂಗ್ಲಿಷಿನಲ್ಲೇ ಮಾತನಾಡುವ ರೂಢಿ ಈ ಪದವೀಧರರ ಬಾಯಿ ಕಟ್ಟಿತ್ತು. ಆಂತರಿಕ ಸಭೆಗಳನ್ನು ಕನ್ನಡದಲ್ಲಿ ನಡೆಸಲಾರಂಭಿಸಿದ ಮೇಲೆ, ಅಲ್ಲಿಯವರೆಗೆ ಮೌನವಾಗಿದ್ದವರಿಂದ ಕೆಲಸದ ದೋಷಗಳ ಬಗ್ಗೆ ನೇರವಾದ ಮಾತುಗಳು ಬರತೊಡಗಿದವು. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಾತಿ ಎಂಬ 2024ರ ರಾಜ್ಯ ಮಸೂದೆ ಸಂಪುಟದ ಒಪ್ಪಿಗೆ ಪಡೆದ ಬೆನ್ನಿಗೇ ತಡೆಹಿಡಿಯಲ್ಪಟ್ಟಿತು. ಅದರ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು, ಆದರೆ ಸೇರಿದ ಸ್ಥಳೀಯರು ಯಾವ ಭಾಷೆಯಲ್ಲಿ ಮಾತನಾಡಬಹುದು ಎಂಬುದನ್ನು ತೀರ್ಮಾನಿಸಲು ಯಾವ ಕಂಪನಿಗೂ ಮಸೂದೆ ಬೇಕಿಲ್ಲ.

ಇನ್ನು 90 ದಿನಗಳ ಷರತ್ತು. ಸೇವಾ ಸಂಸ್ಥೆಯ ಮೂಲಕ ಲಿಂಗತ್ವ ಅಲ್ಪಸಂಖ್ಯಾತ ಅಭ್ಯರ್ಥಿಯೊಬ್ಬರು ನಮ್ಮಲ್ಲಿ ಸೇರಿದ್ದರು. ಕೆಲಸದಲ್ಲಿ ಚುರುಕು, ತಪ್ಪುಗಳು ವಿರಳ. ಉದ್ಯೋಗದಲ್ಲಿ ಅವರಿಗೆ ತಾರತಮ್ಯ ಮಾಡಬಾರದೆಂದು 2019ರ ಕಾಯ್ದೆ ಹೇಳುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಶೇ. 1 ಮೀಸಲಾತಿ ನೀಡಿ 2021ರಲ್ಲಿ ಕರ್ನಾಟಕವೇ ದೇಶಕ್ಕೆ ಮಾದರಿಯಾಯಿತು. ಕಚೇರಿಯೊಳಗೆ ದೊಡ್ಡ ತೊಂದರೆ ಇರಲಿಲ್ಲ. ಆದರೆ ನಗರದಲ್ಲಿ ಅವರಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಕೊಟ್ಟವರೂ ಕೆಲವೇ ದಿನಗಳಲ್ಲಿ ಬಿಡಿಸಿದರು. ಕೊನೆಗೆ ಅವರು ಕೆಲಸ ಬಿಟ್ಟು ಹೊರಟಾಗ ಸೇವಾ ಸಂಸ್ಥೆಯಿಂದ ಬಂದದ್ದು ‘ಬದಲಿ ಅಭ್ಯರ್ಥಿಯ ವಿವರ ಲಗತ್ತಿಸಿದೆ’ ಎಂಬ ಇಮೇಲ್. ಅವರು ಏಕೆ ಹೋದರು, ಈಗ ಎಲ್ಲಿದ್ದಾರೆ, ನಮ್ಮಿಂದಾಗಬಹುದಾದದ್ದು ಏನಿತ್ತು ಎಂದು ಯಾರೂ ಕೇಳಲಿಲ್ಲ. ಕೆಟ್ಟ ಸಾಮಾನನ್ನು ಬದಲಿಸಿಕೊಡುವ ಷರತ್ತನ್ನು ಮನುಷ್ಯರಿಗೆ ಅನ್ವಯಿಸಿದರೆ ಹೀಗೆಯೇ ಆಗುತ್ತದೆ. ಸೇರಿದ ದಿನವೇ ಶುಲ್ಕ ಪೂರ್ತಿ ಕೈಸೇರುವುದರಿಂದ, ಸೇರಿದವರು ನೆಲೆ ನಿಲ್ಲುವರೋ ಇಲ್ಲವೋ ಎಂಬುದರಲ್ಲಿ ಸೇವಾ ಸಂಸ್ಥೆಗೆ ಆಸಕ್ತಿ ಉಳಿಯುವುದಿಲ್ಲ.

ಹಾಗಾಗಿ ಈ ಸೇವೆಯನ್ನು ಕೊಳ್ಳಬಹುದೇ ಎಂದು ಕೇಳಿದರೆ, ಆಯ್ಕೆಯ ಕ್ರಮವನ್ನು ತಿದ್ದುವ ಭಾಗವನ್ನೂ ವಿಕಲಚೇತನರ ನೇಮಕಾತಿಯ ಭಾಗವನ್ನೂ ಹಿಂಜರಿಕೆಯಿಲ್ಲದೆ ಕೊಳ್ಳಿ ಎನ್ನುತ್ತೇನೆ. ತರಬೇತಿಯನ್ನೂ ಕಟ್ಟಡ ಪರಿಶೀಲನೆಯನ್ನೂ ಬಿಟ್ಟುಬಿಡಿ. ಆ ಹಣದಲ್ಲಿ ಲಿಫ್ಟಿನವರೆಗೆ ಒಂದು ಇಳಿಜಾರು ಕಟ್ಟಿಸುವುದು ಮೇಲು. ಸ್ಥಳೀಯ ಪ್ರತಿನಿಧಿಯೇ ಕೆಲಸ ನೋಡಿಕೊಳ್ಳಬೇಕೆಂದು ಮೊದಲೇ ಬರೆಸಿಕೊಳ್ಳಿ. ಮುಂದಿನ ಒಪ್ಪಂದಕ್ಕೆ ನಾವು ಕಳುಹಿಸಿರುವ ಕರಡಿನಲ್ಲಿ ಶುಲ್ಕದ ಮೂರನೇ ಒಂದು ಭಾಗ ಸೇರಿದಾಗ, ಇನ್ನೊಂದು ಭಾಗ ಆರು ತಿಂಗಳಿಗೆ, ಉಳಿದದ್ದು ವರ್ಷ ತುಂಬಿದ ಮೇಲೆ ಎಂದಿದೆ. ಬಿಟ್ಟುಹೋದ ಪ್ರತಿಯೊಬ್ಬರನ್ನೂ ಮಾತನಾಡಿಸಿ ಕಾರಣವನ್ನು ಲಿಖಿತವಾಗಿ ಕೊಡಬೇಕು, ಹೊರ ಊರಿನವರಿಗೆ ವಸತಿ ಹುಡುಕಲು ನೆರವಾಗಬೇಕು ಎಂದೂ ಸೇರಿಸಿದ್ದೇವೆ. ವಸತಿಯ ಷರತ್ತಿಗೆ ಸಂಸ್ಥೆ ಇನ್ನೂ ಒಪ್ಪಿಲ್ಲ, ಮಾತುಕತೆ ನಡೆದಿದೆ.