ಅಜ್ಜಿಯ ಕೊಡೆ ಹಾರಿಸಲು ಯಾವ ದಾರಿ? ಬರೀ ಮಾತು, ನಮ್ಮದೇ ಚಿತ್ರ, ಮನೆಯ ಕಂಪ್ಯೂಟರ್: ಮೂರನ್ನೂ ಮಾಡಿ ನೋಡಿದೆ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಕನ್ನಡ ಹೇಳಿಕೊಡುತ್ತೇನೆ. ಒಂಬತ್ತು ಮಕ್ಕಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡೋಕೆ ಹೋದರೆ ಮರಾಠಿ. ಈ ಸಲ ರಾಜ್ಯೋತ್ಸವಕ್ಕೆ ಅವರೇ ಸೇರಿ ಒಂದು ಕತೆ ಕಟ್ಟಿದರು. ಸ್ಟೇಷನ್ನಿನಲ್ಲಿ ಲೋಕಲ್‌ಗೆ ಕಾಯುತ್ತಾ ನಿಂತ ಅಜ್ಜಿಯ ಕೊಡೆ ಗಾಳಿಗೆ ಹಾರುತ್ತದೆ, ಠಾಣೆ ಖಾಡಿ (ಕಡಲ ಹಿನ್ನೀರು) ದಾಟುತ್ತದೆ, ಕೊನೆಗೆ ಮಾಟುಂಗಾದ ಹೂವಿನಂಗಡಿ ಮುಂದೆ ಬಂದು ಇಳಿಯುತ್ತದೆ. ದನಿ ಮಕ್ಕಳದೇ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟೆವು. ಒಟ್ಟು ಒಂದೂವರೆ ನಿಮಿಷ. ಅದಕ್ಕೆ ಎಐ ಬಳಸಿ ವಿಡಿಯೋ ಮಾಡಲು ಹೊರಟೆ.

ಚಿತ್ರ ಮಾತ್ರ ತೊಗಲುಗೊಂಬೆ ಆಟದ ಹಾಗೆ ಇರಬೇಕು ಅಂತ ನನಗೆ ಆಸೆ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಮಕ್ಕಳಿಗೆ ಅವರ ಫೋಟೋ ತೋರಿಸಿದ್ದೆ. ಬಿಳಿ ಪರದೆ, ಹಿಂದೆ ದೀಪ, ತೊಗಲಿನ ಬಣ್ಣದೊಳಗಿಂದ ಹಾದು ಬರುವ ಬೆಳಕು. ಆ ಬೆಳಕೇ ಬೇಕಿತ್ತು.

ರನ್‌ವೇ, ಕ್ಲಿಂಗ್, ವಿಯೋ ಇಂಥ ಎಐ ವಿಡಿಯೋ ಆ್ಯಪ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಎರಡು ತಿಂಗಳು ಕೂತು ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಬರೀ ಮಾತು ಬರೆದು ವಿಡಿಯೋ ಮಾಡಿಸೋದು, ಚಿತ್ರ ಕೊಟ್ಟು ಅದನ್ನು ಅಲುಗಾಡಿಸೋದು, ಈ ಮೂರು ಆ್ಯಪ್‌ಗಳಲ್ಲೂ ಎರಡೂ ಉಂಟು. ಆ್ಯಪ್ ಬದಲಿಸಿದಾಗ ಆಗುವ ವ್ಯತ್ಯಾಸಕ್ಕಿಂತ ದಾರಿ ಬದಲಿಸಿದಾಗ ಆಗುವ ವ್ಯತ್ಯಾಸ ಬಹಳ ದೊಡ್ಡದು. ಅದಕ್ಕೇ ಇಲ್ಲಿ ದಾರಿಗಳನ್ನು ಹೋಲಿಸುತ್ತಿದ್ದೇನೆ.

ಮೊದಲು ಬರೀ ಮಾತು. ತೊಗಲುಗೊಂಬೆ ಅಜ್ಜಿ, ಇಳಕಲ್ ಸೀರೆ, ಕೈಯಲ್ಲಿ ಕೊಡೆ, ಮಳೆ, ಪ್ಲಾಟ್‌ಫಾರ್ಮ್ ಅಂತೆಲ್ಲ ಬರೆದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಎರಡು ನಿಮಿಷದಲ್ಲಿ ಕ್ಲಿಪ್ ಬಂತು. ಮಳೆ ಎಷ್ಟು ಚೆನ್ನಾಗಿತ್ತು ಅಂದರೆ ಹಳಿಯ ಮೇಲೆ ನೀರು ಸಿಡಿಯುವುದೂ ಕಾಣುತ್ತಿತ್ತು. ಆದರೆ ಅಜ್ಜಿ ನಮ್ಮವಳಲ್ಲ. ಉದ್ದ ಮೂಗು, ಕಡ್ಡಿಯಂಥ ತೋಳು, ಜಾವಾದ ತೊಗಲುಗೊಂಬೆಯ ಮುಖ. ಆ ಗೊಂಬೆಗಳ ಚಿತ್ರ ಲೋಕದಲ್ಲಿ ಜಾಸ್ತಿ, ನಮ್ಮವು ಕಮ್ಮಿ. ಮಾಡೆಲ್, ಅಂದರೆ ಚಿತ್ರಗಳನ್ನು ನೋಡಿ ಕಲಿತ ಎಐ, ತಾನು ಹೆಚ್ಚು ನೋಡಿದ್ದರ ಕಡೆಗೇ ವಾಲುತ್ತದೆ. ಇನ್ನಷ್ಟು ವಿವರ ಬರೆದರೆ ಸರಿಹೋಗಬಹುದು ಅಂದುಕೊಂಡು ಬರೆಯುತ್ತಾ ಹೋದೆ, ಮೂಗು ಹೀಗಿರಲಿ, ಕಣ್ಣು ದೊಡ್ಡದಿರಲಿ, ಮುಖ ಪಕ್ಕಕ್ಕೆ ತಿರುಗಿರಲಿ ಅಂತ, ಪ್ರಾಂಪ್ಟ್ (ಯಂತ್ರಕ್ಕೆ ಬರೆದು ಕೊಡುವ ಸೂಚನೆ) ಒಂದು ಪುಟ ಆಯಿತು, ಪ್ರತಿ ಸಲವೂ ಬೇರೆ ಒಬ್ಬ ಅಜ್ಜಿ ಬಂದಳು. ಎರಡನೇ ಶಾಟ್‌ನಲ್ಲಿ ಅದೇ ಅಜ್ಜಿ ಬೇಕಲ್ವಾ? ಬರೀ ಮಾತಿನಿಂದ ಅದು ನನಗೆ ಆಗಲಿಲ್ಲ.

ಮುಖವೇ ಇಲ್ಲದ ಶಾಟ್‌ಗಳಿಗೆ ಈ ದಾರಿ ಚೆನ್ನಾಗಿದೆ. ಮೋಡ, ಮಳೆ, ಖಾಡಿಯ ನೀರು. ಅಲ್ಲಿಗೆ ಇಟ್ಟುಕೊಳ್ಳಿ.

ಎರಡನೆಯದು ನಮ್ಮದೇ ಚಿತ್ರ ಕೊಡುವುದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನನ್ನ ಮನಸ್ಸು ಗೆದ್ದಿದ್ದು ಇದೇ. ಗೊಂಬೆ ಮಾಡುವ ಮನೆತನದವರ ಫೋಟೋ ಇಂಟರ್‌ನೆಟ್ಟಿನಿಂದ ಎತ್ತಿಕೊಳ್ಳಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದು ಅವರ ಕೈಕೆಲಸ, ಅವರನ್ನು ಕೇಳದೆ ಯಂತ್ರಕ್ಕೆ ತಿನ್ನಿಸುವುದು ತಪ್ಪು. ನಾವೇ ಬಿಡಿಸಿದೆವು. ದಪ್ಪ ಟ್ರೇಸಿಂಗ್ ಪೇಪರ್, ಕಪ್ಪು ಗೆರೆ, ಕೆಂಪು ಹಸಿರು ಇಂಕು, ಸೀರೆಯ ಅಂಚಿಗೆ ಸೂಜಿಯಿಂದ ಸಾಲಾಗಿ ತೂತು. ಕಿಟಕಿಯ ಗಾಜಿಗೆ ಅಂಟಿಸಿ ಮಧ್ಯಾಹ್ನದ ಬೆಳಕಿನಲ್ಲಿ ಫೋಟೋ ತೆಗೆದಾಗ ಬಣ್ಣ ಒಳಗಿಂದಲೇ ಹೊಳೆಯಿತು. ಮಕ್ಕಳು ಓ ಅಂತ ಕೂಗಿದರು.

ಆ ಫೋಟೋವನ್ನೇ ವಿಡಿಯೋದ ಮೊದಲ ಫ್ರೇಮ್, ಅಂದರೆ ಮೊದಲ ಚಿತ್ರ, ಅಂತ ಕೊಟ್ಟೆ. ಪ್ರಾಂಪ್ಟಿನಲ್ಲಿ ಅಜ್ಜಿ ಹೇಗಿದ್ದಾಳೆ ಅಂತ ಒಂದು ಪದವೂ ಬರೆಯಬೇಡಿ, ಅದು ಚಿತ್ರದಲ್ಲೇ ಇದೆ. ಏನು ಅಲುಗಾಡಬೇಕು ಅಂತ ಮಾತ್ರ ಬರೆಯಿರಿ. ನಾನು ಬರೆದದ್ದು ಇಷ್ಟೇ: ಕ್ಯಾಮೆರಾ ಅಲುಗಾಡಬಾರದು, ಪರದೆ ಚಪ್ಪಟೆ, ಬಲಗೈ ಮೇಲೇಳುತ್ತದೆ, ಕೊಡೆ ಗಾಳಿಗೆ ಓಲಾಡುತ್ತದೆ. ಮೂರನೇ ಸಲಕ್ಕೇ ಸರಿಯಾಯಿತು. ಮುಖ ನಮ್ಮದು, ಅಂಚು ನಮ್ಮದು.

ಒಂದೇ ತೊಂದರೆ, ಸೂಜಿಯ ತೂತುಗಳು. ಬೆಳಕಿನ ಚುಕ್ಕಿಗಳು ಇರುವೆ ಸಾಲಿನ ಹಾಗೆ ಹರಿದಾಡತೊಡಗಿದವು. ಕಾರಣ ಹುಡುಕಿದೆ. ಈ ಮಾಡೆಲ್‌ಗಳು ಚಿತ್ರವನ್ನು ಇದ್ದ ಹಾಗೆ ಇಟ್ಟುಕೊಂಡು ಕೆಲಸ ಮಾಡುವುದಿಲ್ಲ, ಕುಗ್ಗಿಸಿಕೊಳ್ಳುತ್ತವೆ. ಉದಾಹರಣೆಗೆ ಆಲಿಬಾಬಾ ಕಂಪನಿಯ ವಾನ್ 2.1 ಅನ್ನುವ ವಿಡಿಯೋ ಮಾಡೆಲ್‌ನಲ್ಲಿ 8×8 ಪಿಕ್ಸೆಲ್ ಸೇರಿ ಒಂದು ಕೋಶ ಆಗುತ್ತದೆ, ನಾಲ್ಕು ಫ್ರೇಮ್ ಸೇರಿ ಒಂದು. ಅದಕ್ಕಿಂತ ಸಣ್ಣ ಚುಕ್ಕಿಯನ್ನು ಅದು ಪ್ರತಿ ಸಲ ಊಹಿಸಿ ಬರೆಯಬೇಕು, ಊಹೆ ಒಂದೊಂದು ಫ್ರೇಮಿಗೆ ಒಂದೊಂದು ಥರ. ಪಂಚಿಂಗ್ ಯಂತ್ರದಿಂದ ದೊಡ್ಡ ತೂತು ಹೊಡೆದು, ಸಂಖ್ಯೆ ಅರ್ಧಕ್ಕೆ ಇಳಿಸಿದೆ. ಹರಿದಾಟ ನಿಂತಿತು.

ಕೊಡೆ ಹಾರುವ ಶಾಟ್‌ಗೆ ಮೊದಲ ಫ್ರೇಮ್ ಜೊತೆ ಕೊನೆಯ ಫ್ರೇಮೂ ಕೊಟ್ಟೆ. ಮೊದಲು ಕೈಯಲ್ಲಿ, ಕೊನೆಗೆ ಖಾಡಿಯ ಮೇಲೆ. ನಡುವಿನ ದಾರಿ ಯಂತ್ರವೇ ತುಂಬಿತು, ಕೊಡೆ ಒಮ್ಮೆ ತಲೆಕೆಳಗಾಗಿ ಮತ್ತೆ ನೆಟ್ಟಗಾಯಿತು. ನಾನು ಯೋಚಿಸಿಯೇ ಇರಲಿಲ್ಲ, ಬಹಳ ಚೆಂದ. ಕೆಳಗೆ ಫ್ಲೆಮಿಂಗೋ ಹಾಕಿದ್ದೆ. ಏಳನೇ ಕ್ಲಾಸಿನ ಹುಡುಗಿ ನೋಡಿ, "ಅಕ್ಕಾ, ಅವು ಬರೋದು ಚಳಿಗೆ, ಮಳೇಲಿ ಎಲ್ಲಿ ಇರ್ತಾವೆ?" ಅಂದಳು. ನಿಜ. ತೆಗೆದು ಬೆಳ್ಳಕ್ಕಿ ಹಾಕಿದೆವು.

ಮೂರನೆಯದು ಮನೆಯ ಕಂಪ್ಯೂಟರಿನಲ್ಲೇ ನಡೆಸುವುದು. ವಾನ್ 2.1 ಫೆಬ್ರುವರಿ 2025ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟದ್ದು. ಅದರ ಸಣ್ಣ ಮಾಡೆಲ್‌ಗೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಸುಮಾರು 8 ಜಿಬಿ ಮೆಮೊರಿ ಸಾಕು. ನನ್ನ ಕಾರ್ಡ್ 12 ಜಿಬಿಯದು, ಹಳೆಯದು. ಇಂಥ ಮಾಡೆಲ್ ನಡೆಸುವ ಕಂಫಿಯುಐ ಅನ್ನುವ ತಂತ್ರಾಂಶ ಹಾಕಿಕೊಂಡು, ನಮ್ಮ ಇಪ್ಪತ್ತಾರು ಚಿತ್ರಗಳಿಂದ ಲೋರಾ ತಯಾರಿಸಿದೆ. ಲೋರಾ ಅಂದರೆ ದೊಡ್ಡ ಮಾಡೆಲನ್ನು ಮುಟ್ಟದೆ ಪಕ್ಕದಲ್ಲಿ ಅಂಟಿಸುವ ಚಿಕ್ಕ ಕಲಿಕೆ. ರಾತ್ರಿಯಿಡೀ ಓಡಿತು. ಬೆಳಿಗ್ಗೆ ಬರೀ ಮಾತು ಬರೆದರೂ ನಮ್ಮ ಅಜ್ಜಿಯ ಥರದ ಗೆರೆ ಬಂತು! ಆ ಖುಷಿಯೇ ಬೇರೆ. ಆದರೆ 5 ಸೆಕೆಂಡಿನ ಕ್ಲಿಪ್‌ಗೆ ನನ್ನ ಕಾರ್ಡ್ ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಅಳತೆಯೂ 832×480 ಮಾತ್ರ. ದೊಡ್ಡ ಪರದೆಗೆ ಹಾಕಿದಾಗ ಕಣ್ಣಿನ ಗೆರೆ ಮಸುಕು. ಸಮಯ ಇದ್ದು ಆ್ಯಪ್‌ಗಳ ಕ್ರೆಡಿಟ್‌ಗೆ ದುಡ್ಡು ಖರ್ಚು ಬೇಡ ಅನ್ನುವವರಿಗೆ, ಒಂದೇ ಶೈಲಿಯಲ್ಲಿ ಹತ್ತಾರು ಕತೆ ಮಾಡುವವರಿಗೆ ಇದನ್ನೇ ಹೇಳುತ್ತೇನೆ. ಒಂದೂವರೆ ನಿಮಿಷಕ್ಕೆ ಇಷ್ಟು ಬೇಡ.

ಮೂರರಲ್ಲೂ ಆಗದೇ ಹೋದದ್ದು ನಡಿಗೆ. ಪಕ್ಕದಿಂದ ನೋಡುವಾಗ ಒಂದು ಕಾಲು ಇನ್ನೊಂದನ್ನು ದಾಟುವ ಕ್ಷಣದಲ್ಲಿ ಎರಡೂ ಕರಗಿ ಒಂದಾಗುತ್ತಿದ್ದವು, ಎಡಗಾಲು ಬಲಗಾಲಾಗಿ ಹೊರಬರುತ್ತಿತ್ತು. ಕೊನೆಗೆ ಅಜ್ಜಿಯನ್ನು ಕತ್ತರಿಸಿ, ಮಂಡಿಗೆ ಸೊಂಟಕ್ಕೆ ದಾರದ ಗಂಟು ಹಾಕಿ, ಗಾಜಿನ ಕೆಳಗೆ ದೀಪವಿಟ್ಟು, ಫೋನಿನಲ್ಲಿ ಒಂದೊಂದೇ ಫೋಟೋ ತೆಗೆದೆವು. ನಾಲ್ಕು ಸೆಕೆಂಡಿಗೆ 48 ಫೋಟೋ. ಒಂದು ಸಂಜೆ. ಅದರ ಮುಂದೆ ಯಂತ್ರದ ನಡಿಗೆ ಸಪ್ಪೆ ಅನ್ನಿಸಿತು, ಮಕ್ಕಳಿಗೂ ಹಾಗೇ ಅನ್ನಿಸಿತು.

ಇದರಿಂದ ಇನ್ನೊಂದು ಗೊತ್ತಾಯಿತು. ನಾನು ಆ್ಯಪ್‌ನಲ್ಲಿ ಮಾಡಿಸಿದ ಕ್ಲಿಪ್ ಸೆಕೆಂಡಿಗೆ 24 ಫ್ರೇಮ್, ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಜಾರುತ್ತದೆ. ಗೊಂಬೆ ಹಾಗೆ ಜಾರುವುದಿಲ್ಲ, ಕುಲುಕುತ್ತದೆ. ಎಡಿಟಿಂಗ್‌ನಲ್ಲಿ ಒಂದು ಬಿಟ್ಟು ಒಂದು ಫ್ರೇಮ್ ತೆಗೆದು 12ಕ್ಕೆ ಇಳಿಸಿದೆ. ಕೈಯಿಂದ ಮಾಡಿದ್ದೂ ಯಂತ್ರದ್ದೂ ಒಂದಕ್ಕೊಂದು ಹೊಂದಿಕೊಂಡವು. ಸ್ಟೇಷನ್ ಬೋರ್ಡು, ಅಂಗಡಿಯ ಕನ್ನಡ ಬೋರ್ಡು ಎರಡನ್ನೂ ಎಡಿಟಿಂಗ್‌ನಲ್ಲೇ ಮೇಲಿಂದ ಅಂಟಿಸಿ, ಯಂತ್ರಕ್ಕೆ ಬಿಟ್ಟರೆ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ.

ಹೂವಿನಂಗಡಿಯ ಶಾಟ್ ಇನ್ನೂ ಬಾಕಿ. ಈ ಭಾನುವಾರ ಮಕ್ಕಳು ಮಲ್ಲಿಗೆ ದಂಡೆ ಕತ್ತರಿಸುತ್ತಾರೆ. ಹೂವಿಗೊಂದೇ ತೂತು, ದೊಡ್ಡದಾಗಿರಲಿ ಅಂತ ಹೇಳಿದ್ದೇನೆ.